ಸೀತನಿ ಸುಡುವ ಹೊತ್ತು

ನಮ್ಮ ರಾಮತೀರ್ಥ ನಗರದಲ್ಲಿ ಸಂಜೆ ಆರರ ಸುಮಾರಿಗೆ ಬಾಗಿಲ ಗಂಟೆ ಬಾರಿಸಿದರೆ ಒಂದೋ ಹಾಲಿನವ, ಇಲ್ಲವೇ ಯಾವುದಾದರೂ ಉತ್ಸವದ ಪಟ್ಟಿ ಕೇಳುವವರು ಎಂದು ಲೆಕ್ಕ. ಜನವರಿಯ ಆ ಸಂಜೆ ಬಂದವನು ಇಬ್ಬರೂ ಅಲ್ಲ, ಓಣಿಯ ತುದಿಮನೆಯ ಹುಡುಗ. ಹುಡುಗ ಎಂದರೂ ಇಪ್ಪತ್ತೇಳು ದಾಟಿದೆ. ಪುಣೆಯಲ್ಲಿದ್ದ ಕಂಪ್ಯೂಟರ್ ನೌಕರಿ ಬಿಟ್ಟು ಎರಡು ವರ್ಷದ ಹಿಂದೆ ಮನೆಗೆ ಬಂದು ಕುಳಿತವನು. ಅಂದಿನಿಂದ ಅವನ ಕೋಣೆಯ ದೀಪ ರಾತ್ರಿ ಎರಡರವರೆಗೆ ಆರಿದ್ದನ್ನು ನಾನು ಕಂಡಿಲ್ಲ.

"ಕಾಕಾ, ಒಂದ ಮಾತ ಕೇಳೂದಿತ್ರಿ."

"ಕೇಳಪಾ."

"ಅರ್ಧಾ ಆದ ಕೆಲಸಾನ ಮಂದೀಗೆ ಯಾವಾಗ ತೋರಸ್ಬೇಕ್ರಿ?"

ಪ್ರಶ್ನೆ ನನಗೆ ಸರಿಯಾಗಿಯೇ ನಾಟಿತು. ಬರೆಯುವವರನ್ನು ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅವನು ಬರೆಯುತ್ತಿದ್ದದ್ದು ಕತೆಯಲ್ಲ, ಒಂದು ಕಂಪ್ಯೂಟರ್ ಆಟ. ಹಿಂದೆ ದೊಡ್ಡ ಕಂಪನಿಯಿಲ್ಲ, ಹಣ ಹಾಕುವ ಸಾಹುಕಾರನಿಲ್ಲ. ಚಿತ್ರ, ಲೆಕ್ಕ, ಸದ್ದು ಎಲ್ಲ ಇವನೊಬ್ಬನದೇ. ಇಂಥ ಒಂಟಿ ಸಂಸಾರದ ಆಟಗಳಿಗೆ 'ಇಂಡಿ ಗೇಮ್' ಎಂದು ಹೆಸರು.

ಆಟದ ಕತೆ ಹೇಳಿದ. ಖಾನಾಪುರದ ಕಾಡಿನ ಸೀಮೆಯಲ್ಲಿ ಒಬ್ಬ ಅಂಚೆಯವನಿದ್ದಾನೆ. ಮಳೆಗಾಲ. ಹಳ್ಳಗಳು ತುಂಬಿವೆ. ಚೀಲದಲ್ಲಿ ಕಾಗದಗಳಿವೆ. ಯಾವ ಹಳ್ಳವನ್ನು ಯಾವ ಹೊತ್ತಿಗೆ ದಾಟಬೇಕು, ಯಾವ ಕಾಗದ ಮೊದಲು ತಲುಪಬೇಕು, ನೆನೆದು ಅಕ್ಷರ ಅಳಿಸಿಹೋದ ಕಾಗದದ ಮನೆಯನ್ನು ಹೇಗೆ ಹುಡುಕಬೇಕು, ಇಷ್ಟೇ ಆಟ. ಬಂದೂಕಿಲ್ಲ, ರಾಕ್ಷಸರಿಲ್ಲ. ಕಣಕುಂಬಿ, ಜಾಂಬೋಟಿಯ ಕಡೆಯ ಮಳೆ ಕಂಡವರಿಗೆ ರಾಕ್ಷಸರು ಬೇಕಾಗಿಯೂ ಇಲ್ಲ.

ಅವನ ತಂದೆ ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದವರು. ಮಗ 'ಗೇಮ್' ಮಾಡುತ್ತಿದ್ದಾನೆಂದಾಗ ಅವರು ಮೊದಲು ಬೆಚ್ಚಿದ್ದು ರಮ್ಮಿ ಎಂದುಕೊಂಡು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಪಾಸಾದ ದಿನ ಅವರು ಪತ್ರಿಕೆ ಹಿಡಿದುಕೊಂಡು ಮಗನ ಕೋಣೆಗೆ ಹೋಗಿದ್ದರಂತೆ. ಅದು ಬೇರೆ, ಇದು ಬೇರೆ ಎಂದು ತಿಳಿಸಲು ಅವನಿಗೆ ಒಂದು ಗಂಟೆ ಹಿಡಿಯಿತು. ಕೊನೆಗೆ ತಂದೆ-ಮಗನ ನಡುವೆ ಕರಾರಾಗಿದೆ: ಬರುವ ದೀಪಾವಳಿಯವರೆಗೆ ಯಾರೂ ಏನೂ ಕೇಳಬಾರದು, ಅಷ್ಟರಲ್ಲಿ ಆಟ ಮಾರುಕಟ್ಟೆಗೆ ಬರದಿದ್ದರೆ ಮಗ ಮತ್ತೆ ಪುಣೆಗೆ. ಕೂಡಿಟ್ಟ ಹಣವೂ ಹೆಚ್ಚುಕಡಿಮೆ ಅಲ್ಲಿಗೇ ತೀರುತ್ತದೆ.

ಈಗ ಅವನ ಮುಂದಿರುವುದು ಡೆಮೊ ಪ್ರಶ್ನೆ. ಡೆಮೊ ಎಂದರೆ ಮಾದರಿ ತುಣುಕು. ಆಟದ ಮೊದಲ ಅರ್ಧ ಗಂಟೆಯಷ್ಟನ್ನು ಪುಕ್ಕಟೆ ಬಿಟ್ಟು, ಆಡಿದವರು 'ಬಂದಾಗ ಕೊಳ್ಳುತ್ತೇನೆ' ಎಂದು ತಮ್ಮ ಬೇಡಿಕೆ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವಂತೆ ಮಾಡುವುದು. ಕಂಪ್ಯೂಟರ್ ಆಟಗಳ ದೊಡ್ಡ ಪೇಟೆಯೆಂದರೆ ಸ್ಟೀಮ್. ಅಲ್ಲಿ ಒಂದು ಅಂಗಡಿ ಹಲಗೆ ಹಾಕಲು 100 ಡಾಲರ್ ಕಟ್ಟಬೇಕು. 2024ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಆಟಗಳು 18 ಸಾವಿರಕ್ಕೂ ಹೆಚ್ಚು. ದಿನಕ್ಕೆ ಐವತ್ತರ ಲೆಕ್ಕ. ಆ ಸಂತೆಯಲ್ಲಿ ಖಾನಾಪುರದ ಅಂಚೆಯವನನ್ನು ಯಾರು ಕಾಣಬೇಕು?

ಅದಕ್ಕೊಂದು ಜಾತ್ರೆ ಇದೆ. ಹೆಸರು ಸ್ಟೀಮ್ ನೆಕ್ಸ್ಟ್ ಫೆಸ್ಟ್. ಫೆಬ್ರುವರಿ, ಜೂನ್, ಅಕ್ಟೋಬರ್, ಹೀಗೆ ವರ್ಷಕ್ಕೆ ಮೂರು ಸಲ ಒಂದೊಂದು ವಾರ ನಡೆಯುತ್ತದೆ. ಇನ್ನೂ ಬಿಡುಗಡೆಯಾಗದ ಆಟಗಳ ಡೆಮೊಗಳನ್ನೆಲ್ಲ ಒಂದೇ ಕಡೆ ಹರವಿಡುತ್ತಾರೆ. ಲಕ್ಷಗಟ್ಟಲೆ ಮಂದಿ ಬಂದು ಆಡಿ ನೋಡುತ್ತಾರೆ. ಆದರೆ ಒಂದು ಕಟ್ಟಳೆ: ಒಂದು ಆಟಕ್ಕೆ ಒಂದೇ ಸಲ ಪ್ರವೇಶ. ಫೆಬ್ರುವರಿಯಲ್ಲಿ ಹೋದರೆ ಜೂನ್ ಇಲ್ಲ.

"ಫೆಬ್ರುವರಿಗೆ ಹೆಸರು ಕೊಟ್ಟೀನ್ರಿ. ಈಗ ಎದಿ ಹೊಡಕೊಳ್ಳಾಕತ್ತೈತಿ. ಬಿಡ್ಲೋ ಬ್ಯಾಡೋ?"

ನಾಲ್ಕು ದಿನ ಟೈಮು ಕೊಡು ಎಂದೆ.

* * *

ಮಾದರಿ ತೋರಿಸಿ ಮಾಲು ಮಾರುವುದು ಹೊಸದೇನಲ್ಲ. ನಾಟಕ ಕಂಪನಿಗಳು ನಮ್ಮೂರಲ್ಲಿ ಮೊಕ್ಕಾಂ ಹೂಡಿದಾಗ ಜಟಕಾದಲ್ಲಿ ಹಲಗೆ ಬಾರಿಸುತ್ತ ಹ್ಯಾಂಡ್‌ಬಿಲ್ಲು ಚೆಲ್ಲುತ್ತ ಹೋಗುತ್ತಿದ್ದರು. ಅದು ಬರೀ ಆಸೆ ಹುಟ್ಟಿಸುವ ಕೆಲಸ. ಈಗಿನವರು ಟ್ರೇಲರ್ ಎನ್ನುತ್ತಾರಲ್ಲ, ಅದು. ಡೆಮೊ ಹಾಗಲ್ಲ. ಅದು ಕೈಗೇ ಕೊಟ್ಟು 'ತಿಂದು ನೋಡ್ರಿ' ಎನ್ನುವುದು. ಆಸೆ ಹುಟ್ಟಿಸಿದವನು ತಪ್ಪಿಸಿಕೊಳ್ಳಬಹುದು, ತಿನ್ನಿಸಿದವನಿಗೆ ಆ ದಾರಿಯಿಲ್ಲ.

ಕಂಪ್ಯೂಟರ್ ಆಟಗಳಲ್ಲಿ ಈ ತಿನ್ನಿಸುವ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದದ್ದು 'ಡೂಮ್' ಎಂಬ ಆಟ. ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಚಿಕ್ಕ ಗುಂಪು 1993ರ ಡಿಸೆಂಬರ್ 10ರಂದು ಅದರ ಮೂರು ಭಾಗಗಳಲ್ಲಿ ಮೊದಲನೆಯದನ್ನು ಪುಕ್ಕಟೆ ಬಿಟ್ಟಿತು. ಏರಿಸಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ. ಕಾದು ನಿಂತವರ ನೂಕುನುಗ್ಗಲಿಗೆ ಆ ಜಾಲವೇ ಕುಸಿದುಬಿತ್ತು. ಮುಂದೆ ಆ ಮೊದಲ ಭಾಗ ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಊರೂರು ಸೇರಿತು. ನಮ್ಮ ಕಡೆಯ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಮಾಸ್ತರರು ಹೊರಗೆ ಹೋದೊಡನೆ ಹುಡುಗರು ತೆರೆಯುತ್ತಿದ್ದ ಅನೇಕ ಆಟಗಳು ಹೀಗೆ ಕೈಯಿಂದ ಕೈಗೆ ಬಂದವೇ. ಒಂದು ಭಾಗ ಆಡಿದವರು ಉಳಿದೆರಡಕ್ಕೆ ದುಡ್ಡು ಕಳಿಸಿ ತರಿಸಿಕೊಂಡರು.

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ಡೂಮ್ ಆಟದವರು ಕೊಟ್ಟದ್ದು ಆ ಅಗುಳನ್ನೇ. ಆದರೆ ಒಂದನ್ನು ಮರೆಯಬಾರದು. ಅವರು ಅಗುಳು ಕೊಟ್ಟಾಗ ಅನ್ನ ಪೂರ್ತಿ ಬೆಂದಿತ್ತು. ನಮ್ಮ ಓಣಿಯ ಹುಡುಗನ ಪಾತ್ರೆ ಇನ್ನೂ ಒಲೆಯ ಮೇಲಿದೆ. ಅವನು ಕೊಡಬೇಕಾದದ್ದು ಬೇಯುತ್ತಿರುವ ಅನ್ನದ ಅಗುಳು. ಅಲ್ಲಿಗೆ ಗಾದೆಯ ಬಲ ಮುಗಿಯಿತು.

ಮುಗಿಯದ್ದನ್ನು ತೋರಿಸಲೇಬಾರದು ಎನ್ನುವವರಿದ್ದಾರೆ. ಹುಡುಗನ ತಂದೆಯೇ ಆ ಪಕ್ಷದವರು. "ಗಿಲಾವ್ ಆಗದ ಮನೀಗೆ ಯಾರಾದ್ರೂ ವಾಸ್ತುಶಾಂತಿ ಊಟಕ್ಕ ಕರೀತಾರೇನ್ರಿ?" ಎಂಬುದು ಅವರ ವಾದ. ಈ ವಾದಕ್ಕೆ ದೊಡ್ಡ ಸಾಕ್ಷಿಗಳೂ ಇದ್ದಾರೆ. ಆಟಗಳ ವಿನ್ಯಾಸವನ್ನು ಕಲಿಸುವ ಜೆಸ್ಸೆ ಶೆಲ್ ಎಂಬ ಅಮೆರಿಕದ ಪ್ರಾಧ್ಯಾಪಕರು 2013ರಲ್ಲಿ ಒಂದು ಸಭೆಯಲ್ಲಿ ಮಾರಾಟದ ಅಂಕಿಗಳನ್ನಿಟ್ಟು ಹೇಳಿದರು: ಬರೀ ಟ್ರೇಲರ್ ತೋರಿಸಿದ ಆಟಗಳು, ಟ್ರೇಲರಿನ ಜೊತೆ ಡೆಮೊವನ್ನೂ ಕೊಟ್ಟ ಆಟಗಳಿಗಿಂತ ಬಹಳ ಹೆಚ್ಚು ಮಾರಾಟವಾಗಿವೆ. ಕಾರಣ ಸರಳ. ಆಡಿ ನೋಡಿದವನಿಗೆ ಕುತೂಹಲ ತೀರುತ್ತದೆ. 'ಓ, ಇಷ್ಟೇನಾ' ಎಂದು ಎದ್ದು ಹೋಗುತ್ತಾನೆ.

ಇನ್ನೊಂದು ಸಾಕ್ಷಿ ಜಪಾನಿನದು. 2014ರ ಆಗಸ್ಟಿನಲ್ಲಿ 'ಪಿ.ಟಿ.' ಎಂಬ ಒಂದು ಪುಟ್ಟ ತುಣುಕು ಬಂತು. ಒಂದು ಮನೆಯ ಒಂದೇ ನಡುಹಾದಿ. ಅದರಲ್ಲೇ ಸುತ್ತಿ ಸುತ್ತಿ ಆಡುವವನ ಬೆವರಿಳಿಯುತ್ತಿತ್ತು. ಬರಲಿರುವ ದೊಡ್ಡ ಆಟವೊಂದರ ರುಚಿ ಅದು ಎಂದು ಕೊನೆಯಲ್ಲಿ ಗೊತ್ತಾಗುತ್ತಿತ್ತು. ಜಗತ್ತೇ ಕೊಂಡಾಡಿತು. 2015ರ ಏಪ್ರಿಲಿನಲ್ಲಿ ಆ ದೊಡ್ಡ ಆಟವೇ ರದ್ದಾಯಿತು, ತುಣುಕನ್ನೂ ಅಂಗಡಿಯಿಂದ ತೆಗೆದರು. ಉಳಿದದ್ದು ರುಚಿ ಮಾತ್ರ, ಊಟ ಬರಲೇ ಇಲ್ಲ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಬಹಳ ವರ್ಷಗಳ ಹಿಂದೆ ಒಂದು ಕಾದಂಬರಿ ಬರೆಯಲು ಕುಳಿತಿದ್ದೆ. ಏಳು ಅಧ್ಯಾಯ ಆಗಿತ್ತು. ತಡೆದುಕೊಳ್ಳಲಾಗದೆ ಗೆಳೆಯರನ್ನು ಮನೆಗೆ ಕರೆದು ಅವಲಕ್ಕಿ-ಚಹಾ ಕೊಟ್ಟು ಅಷ್ಟನ್ನೂ ಓದಿದೆ. ಅವರು ಹೊಗಳಿದರು. ಹೊಗಳಿಕೆ ಹೊಟ್ಟೆ ತುಂಬ ಬಿದ್ದಮೇಲೆ ಎಂಟನೆಯ ಅಧ್ಯಾಯ ಬರೆಯುವ ಹಸಿವೇ ಹೋಯಿತು. ಆ ಏಳು ಅಧ್ಯಾಯಗಳು ಈಗಲೂ ಅಟ್ಟದ ಮೇಲಿವೆ. ಬೇಗ ತೋರಿಸಿದರೆ ನೋಡುವವನ ಕುತೂಹಲ ಮಾತ್ರ ತೀರುವುದಿಲ್ಲ, ಮಾಡುವವನದೂ ತೀರುತ್ತದೆ.

* * *

ಹಾಗಾದರೆ ಮುಚ್ಚಿಟ್ಟುಕೊಂಡೇ ಮುಗಿಸಬೇಕೋ? ಅದೂ ಅಲ್ಲ ಎನ್ನಲು ನಮ್ಮ ನೆರೆಹೊರೆಯಲ್ಲೇ ಎರಡು ನಿದರ್ಶನಗಳಿವೆ.

ಬೆಳಗಾವಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಮುಟ್ಟುವ ಪುಣೆಯಲ್ಲಿ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಒಂದು ಸಣ್ಣ ತಂಡವಿದೆ. ಶ್ರುತಿ ಘೋಷ್, ಅವಿಚಲ್ ಸಿಂಗ್, ಇಯಾನ್ ಮೌಡ್ ಎಂಬವರು ಕಟ್ಟಿದ್ದು. ಅವರ ಆಟ 'ರಾಜಿ'. ಅಸುರರು ಒಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕತೆ. ಹಿನ್ನೆಲೆಯಲ್ಲಿ ನಮ್ಮ ಪುರಾಣ, ರಾಜಸ್ಥಾನದ ಕೋಟೆ-ಅರಮನೆಗಳ ನೆರಳು. 2017ರ ನವೆಂಬರಿನಲ್ಲಿ ಅವರು ಕಿಕ್‌ಸ್ಟಾರ್ಟರ್ ಮೂಲಕ ಮಂದಿಯ ಮುಂದೆ ಜೋಳಿಗೆ ಹಿಡಿದರು. ಬೇಕಾಗಿದ್ದುದು 90 ಸಾವಿರ ಪೌಂಡು. ಜೊತೆಗೆ ಆಡಿ ನೋಡಲು ಒಂದು ಡೆಮೊವನ್ನೂ ಕೊಟ್ಟರು. ಅಲ್ಲಿಯ ನಿಯಮ ಕಠಿಣ: ಕೇಳಿದಷ್ಟು ಪೂರ್ತಿ ಕೂಡಿದರೆ ಉಂಟು, ಇಲ್ಲವಾದರೆ ಒಂದು ಕಾಸೂ ಇಲ್ಲ. ಪೂರ್ತಿ ಕೂಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ತಂದೆಯ ವಾದ ಗೆಲ್ಲುತ್ತಿತ್ತು. ಆದರೆ ತಂಡ ಕೆಲಸ ಬಿಡಲಿಲ್ಲ. 2019ರಲ್ಲಿ ಎಪಿಕ್ ಗೇಮ್ಸ್ ಕಂಪನಿಯ ಅನುದಾನ ದೊರೆಯಿತು. 2020ರ ಆಗಸ್ಟ್ 18ರಂದು ಆಟ ನಿಂಟೆಂಡೊ ಸ್ವಿಚ್ ಯಂತ್ರದ ಮೇಲೆ ಬಂತು, ಅಕ್ಟೋಬರಿನಲ್ಲಿ ಉಳಿದ ಯಂತ್ರಗಳಿಗೂ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಇಂಡಿ ಆಟಗಳ ಅಂತಿಮ ಪಟ್ಟಿಯಲ್ಲಿ 'ರಾಜಿ'ಯ ಹೆಸರಿತ್ತು. 2017ರ ಡೆಮೊ ದುಡ್ಡು ತರಲಿಲ್ಲ, ನಿಜ. ಆದರೆ ಇಂಥದೊಂದು ಆಟ ಇಂಥ ಊರಿನಲ್ಲಿ ಆಗುತ್ತಿದೆ ಎಂಬುದನ್ನು ಅದು ನೋಡುವವರ ಕಣ್ಣಿಗೆ ಹಾಕಿತು. ಜೋಳಿಗೆ ತುಂಬದಿದ್ದರೂ ಮುಖಪರಿಚಯವಾಯಿತು.

ಎರಡನೆಯದು ನಮ್ಮ ರಾಜಧಾನಿಯದು. ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಂಪನಿ ಆರಂಭಿಸಿದ್ದು 1997ರಲ್ಲಿ. ಭಾರತದಲ್ಲಿ ಆಟ ತಯಾರಿಸುವ ಕಂಪನಿ ಎಂದರೆ ಜನ ನಗುತ್ತಿದ್ದ ಕಾಲ. ಫ್ರಾನ್ಸಿನ ಕಂಪನಿಯೊಂದು ವಹಿಸಿದ ದೊಡ್ಡ ಆಟದ ಕೆಲಸ ನಡುದಾರಿಯಲ್ಲಿ ನಿಂತುಹೋಯಿತು. ಆಗ ಅವರು 'ಸಲೂನ್' ಎಂಬ ಒಂದೇ ಹಂತದ ಚಿಕ್ಕ ಡೆಮೊ ತಯಾರಿಸಿದರು. ಅದನ್ನು ಪೇಟೆಯಲ್ಲಿ ಮಾರುವ ಉದ್ದೇಶವೇ ಇರಲಿಲ್ಲ. 'ನಮ್ಮ ಕೈಯಲ್ಲಿ ಇಷ್ಟು ಕಸುಬು ಇದೆ' ಎಂದು ಕೆಲಸ ಕೊಡುವವರಿಗೆ ತೋರಿಸುವ ತುಣುಕು ಅದು. ಮುಂದೆ ಧ್ರುವ ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಕೆಲಸ ಮಾಡಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು.

ಈ ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ನನಗೊಂದು ಹೊಳೆಯಿತು. ಡೆಮೊ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ತಪ್ಪು ತಿದ್ದಿಕೊಳ್ಳಲು ಹತ್ತು ಮಂದಿಗೆ ಕೊಡುವುದು ಒಂದು. ಹಣ ಹಾಕುವವನಿಗೆ, ಕೆಲಸ ಕೊಡುವವನಿಗೆ ತೋರಿಸುವುದು ಇನ್ನೊಂದು. ಊರಿಗೇ ಡಂಗುರ ಸಾರಿ ಹಂಚುವುದು ಮೂರನೆಯದು. ಮೊದಲನೆಯದು ಒರಟಾಗಿದ್ದರೂ ನಡೆಯುತ್ತದೆ, ಒರಟಾಗಿರುವಾಗಲೇ ಕೊಡಬೇಕು. ಎರಡನೆಯದು ಒಂದೇ ತುತ್ತಾದರೂ ಚಿಂತೆಯಿಲ್ಲ, ಆ ತುತ್ತು ಪರಿಪೂರ್ಣವಾಗಿರಬೇಕು. ಮೂರನೆಯದಕ್ಕೆ ಎರಡನೆಯ ಅವಕಾಶವಿಲ್ಲ. ನಮ್ಮ ಹುಡುಗ ಮೊದಲನೆಯದನ್ನು ಮಾಡದೆಯೇ ಮೂರನೆಯದಕ್ಕೆ ಹೊರಟಿದ್ದ.

ಇತ್ತೀಚೆಗೆ ಈ ಮೂರನೆಯದರ ತೂಕ ಹೆಚ್ಚಿದೆ. 2024ರ ಜುಲೈಯಿಂದ ಸ್ಟೀಮ್ ಪೇಟೆಯಲ್ಲಿ ಡೆಮೊಗೇ ಬೇರೆ ಪುಟ ಇಡಬಹುದು. ಆಡಿದವರು ಅದರ ಮೇಲೆಯೇ ಅಭಿಪ್ರಾಯ ಬರೆಯಬಹುದು. ಮೊದಲಾದರೆ ಅರೆಬೆಂದ ಡೆಮೊ ನೋಡಿದವನು ಸುಮ್ಮನೆ ಮರೆತುಬಿಡುತ್ತಿದ್ದ. ಈಗ ಗೋಡೆಯ ಮೇಲೆ ಬರೆದು ಹೋಗುತ್ತಾನೆ. ಅದೇ ಪೇಟೆಯಲ್ಲಿ 2015ರಿಂದ ಇನ್ನೊಂದು ಸೌಕರ್ಯವಿದೆ: ಕೊಂಡ ಆಟವನ್ನು ಎರಡು ಗಂಟೆಯೊಳಗೆ ಆಡಿ ಹದಿನಾಲ್ಕು ದಿನದೊಳಗೆ ಹಿಂದಿರುಗಿಸಿದರೆ ಹಣ ವಾಪಸು. ಆದ್ದರಿಂದ ಡೆಮೊ ಏಕೆ ಬೇಕು ಎನ್ನುವವರೂ ಇದ್ದಾರೆ. ಆದರೆ ಹಿಂದಿರುಗಿಸಲಿಕ್ಕಾದರೂ ಮೊದಲು ಯಾರಾದರೂ ಕೊಳ್ಳಬೇಕಲ್ಲ! ಹೆಸರಿಲ್ಲದವನ ಸಂಕಟ ಹಿಂದಿರುಗಿ ಬರುವುದಲ್ಲ, ಯಾರೂ ಒಯ್ಯದೇ ಇರುವುದು. ಶೆಲ್ ಅವರ ಅಂಕಿಗಳು ಇವನಿಗೆ ಪೂರ್ತಿ ಹೊಂದುವುದಿಲ್ಲ ಎಂದು ನನಗನ್ನಿಸಿದ್ದು ಇದಕ್ಕೇ. ಟ್ರೇಲರಿಗೆ ಮರುಳಾಗಿ ಕೊಳ್ಳುವುದು ಹೆಸರು ಕೇಳಿದವರ ಮಾಲನ್ನು. ಹೆಸರಿಲ್ಲದವನು ತಿನ್ನಿಸಿಯೇ ಮಾರಬೇಕು.

ತಿನ್ನಿಸಿ ಗೆದ್ದವರೂ ಇದ್ದಾರೆ. ಕೆನಡಾದ ಒಬ್ಬನೇ ಒಬ್ಬ, ತನ್ನ ನಿಜವಾದ ಹೆಸರನ್ನೂ ಹೇಳದವನು, ಇಸ್ಪೀಟೆಲೆಗಳ ಮೇಲೆ 'ಬಲಾಟ್ರೊ' ಎಂಬ ಆಟ ಮಾಡಿದ. 2023ರಲ್ಲಿ ಅದರ ಡೆಮೊ ಬಂತು. ಆಡಿದವರು ಇನ್ನೊಬ್ಬರಿಗೆ ಹೇಳಿದರು. 2024ರ ಫೆಬ್ರುವರಿ 20ರಂದು ಆಟ ಬಿಡುಗಡೆಯಾದಾಗ ಒಂದು ತಿಂಗಳೊಳಗೆ ಹತ್ತು ಲಕ್ಷ ಪ್ರತಿ ಹೋದವು. ಡೆಮೊ ಬಿಟ್ಟಾಗ ಅದು ಮುಗಿದಿರಲಿಲ್ಲ. ಆದರೆ ಆಟದ ಜೀವ ಎಲ್ಲಿದೆಯೋ ಅದು ಮೊದಲ ಐದು ನಿಮಿಷದಲ್ಲೇ ಕೈಗೆ ಸಿಗುತ್ತಿತ್ತು.

* * *

ನಾಲ್ಕನೆಯ ದಿನ ಹುಡುಗನ ಮನೆಗೆ ಹೋದೆ. "ನನಗ ಆಡಾಕ ಕೊಡು. ನೀ ಹಿಂದ ಕುಂದರು. ಏನಾದ್ರೂ ಬಾಯಿ ತೆರೀಬ್ಯಾಡ" ಎಂದೆ.

ನನಗೂ ಆ ಯಂತ್ರಕ್ಕೂ ಅಷ್ಟಕ್ಕಷ್ಟೇ. ಆದರೂ ಕುಳಿತೆ. ಪರದೆಯ ಮೇಲೆ ಮಳೆ ಬಿತ್ತು. ನಿಜವಾಗಿ ಬಿದ್ದಂತೆಯೇ ಇತ್ತು. ಅಂಚೆಯವನು ಕೊಡೆ ಬಿಚ್ಚಿದ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಬಂತು. ವಿಂಗಡಿಸಿದೆ, ಮತ್ತೂ ವಿಂಗಡಿಸಿದೆ. ಮುದ್ರೆ ಒತ್ತಿದೆ. ಪೋಸ್ಟ್ ಮಾಸ್ತರರು ಮೂರು ಪುಟದಷ್ಟು ಮಾತಾಡಿದರು. ಇಪ್ಪತ್ತು ನಿಮಿಷದ ಮೇಲೆ ರಸ್ತೆಗೆ ಬಿದ್ದೆ. ಮೊದಲ ಹಳ್ಳ ಬಂತು. ಅದರಲ್ಲಿ ಇಳಿದ ಅಂಚೆಯವನು ಅಲ್ಲೇ ನಿಂತ. ಮುಂದೆಯೂ ಹೋಗಲೊಲ್ಲ, ಹಿಂದೆಯೂ ಬರಲೊಲ್ಲ. ಯಾವ ಗುಂಡಿ ಒತ್ತಬೇಕೋ ತಿಳಿಯಲಿಲ್ಲ. ನೀರು ಏರಿತು. ಚೀಲ ನೆನೆಯಿತು. ಹಿಂದೆ ಕುಳಿತ ಹುಡುಗ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಒದ್ದಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಎರಡು ಸಲ ಉಗುಳು ನುಂಗಿದ. ಪುಣ್ಯಾತ್ಮ, ಬಾಯಿ ಮಾತ್ರ ತೆರೆಯಲಿಲ್ಲ.

ನಾನು ಕೈಬಿಟ್ಟೆ. ಅವನ ಮುಖ ಬಾಡಿತ್ತು.

"ಕಾಕಾ, ಅಲ್ಲಿ ಕೊಡಿ ಮುಚ್ಚಿ ಅದನ್ನ ಬಡಗಿ ಹಂಗ ಹಿಡದು ಆಳ ನೋಡಬೇಕ್ರಿ. ಅದ ಆಟದ ಮಜಾ!"

"ಅದನ್ನ ಹೇಳಾಕ ನೀ ಎಲ್ಲಾರ ಮನೀಗೂ ಹೋಗ್ತಿಯೇನಪಾ?"

ಅವನು ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಒಂದು ಹಾಳೆ ತೆಗೆದುಕೊಂಡು ಬರೆಯತೊಡಗಿದ: ವಿಂಗಡಣೆ ಉದ್ದವಾಯಿತು, ಹಳ್ಳ ಮೊದಲೇ ಬರಬೇಕು, ಕೊಡೆಯ ಉಪಯೋಗ ಗೊತ್ತಾಗುವುದಿಲ್ಲ. ಎರಡು ವರ್ಷ ಅದನ್ನೇ ನೋಡಿ ನೋಡಿ ಅವನ ಕಣ್ಣಿಗೆ ಕಾಣದೇ ಹೋದದ್ದು, ಏನೂ ಬಾರದ ನನ್ನಂಥವನ ಎಡವಟ್ಟಿನಿಂದ ಅರ್ಧ ಗಂಟೆಯಲ್ಲಿ ಕಂಡಿತ್ತು. ಇದೇ ಎಡವಟ್ಟು ಫೆಬ್ರುವರಿಯ ಜಾತ್ರೆಯಲ್ಲಿ ಸಾವಿರ ಮಂದಿಯ ಕೈಯಲ್ಲಿ ಆಗಿದ್ದರೆ? ಅವರೇನು ಕಾಗದ ಬರೆದು ತಿಳಿಸುವರೇ? ಪಕ್ಕದ ಅಂಗಡಿಗೆ ಹೋಗುವರು, ಅಷ್ಟೇ.

ಡೆಮೊಗೆ ಇನ್ನೊಂದು ಗುಪ್ತ ಖರ್ಚೂ ಇದೆಯಂತೆ. ಅದು ಆಟದಿಂದ ಕತ್ತರಿಸಿ ಕೊಡುವ ತುಂಡಲ್ಲ. ಬೇರೆಯೇ ಕಟ್ಟಬೇಕು. ಅದಕ್ಕೊಂದು ಆರಂಭ, ಒಂದು ಮುಕ್ತಾಯ ಬೇಕು. ಇನ್ನಷ್ಟು ಬೇಕು ಎನ್ನಿಸುವ ಜಾಗದಲ್ಲಿ ನಿಲ್ಲಿಸಬೇಕು. ಬಿಟ್ಟಮೇಲೆ ಬಂದ ದೂರುಗಳನ್ನೆಲ್ಲ ಡೆಮೊದಲ್ಲೂ ತಿದ್ದಬೇಕು, ಮೂಲ ಆಟದಲ್ಲೂ ತಿದ್ದಬೇಕು. ಒಬ್ಬನೇ ಕೆಲಸ ಮಾಡುವವನಿಗೆ ಅದು ವಾರಗಳ ಲೆಕ್ಕ. ದೀಪಾವಳಿ ಕಾಯುವುದಿಲ್ಲ. ಬೇಗ ಬಿಟ್ಟರೂ ಖರ್ಚು, ತಡಮಾಡಿದರೂ ಖರ್ಚು.

* * *

ಉತ್ತರ ಸಿಕ್ಕಿದ್ದು ಕಂಪ್ಯೂಟರಿನ ಮುಂದೆ ಅಲ್ಲ, ಹೊಲದಲ್ಲಿ.

ನಮ್ಮ ಜಿಲ್ಲೆಯ ಅದೃಷ್ಟವೆಂದರೆ ಪಡುವಣಕ್ಕೆ ಖಾನಾಪುರದ ಕಡೆ ಹೋದರೆ ಭತ್ತ, ಮೂಡಣಕ್ಕೆ ಬೈಲಹೊಂಗಲದ ಕಡೆ ಹೋದರೆ ಜೋಳ. ಆ ರವಿವಾರ ಬೈಲಹೊಂಗಲದ ಹತ್ತಿರದ ಗೆಳೆಯರೊಬ್ಬರು ಸೀತನಿ ತಿನ್ನಲು ಕರೆದಿದ್ದರು. ಹುಡುಗನನ್ನೂ ಅವನ ತಂದೆಯನ್ನೂ ಜೊತೆಗೆ ಕರೆದುಕೊಂಡು ಹೋದೆ.

ಸೀತನಿ ಎಂದರೆ ಹಿಂಗಾರಿ ಜೋಳದ ಎಳೆಯ ತೆನೆ. ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿ, ಬೆಲ್ಲ, ಶೇಂಗಾ ಚಟ್ನಿ, ಮೊಸರಿನ ಜೊತೆ ತಿನ್ನುವುದು. ತಿಂದವರಿಗೆ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ.

ಗೆಳೆಯರು ಹೊಲದಲ್ಲಿ ನಡೆಯುತ್ತ ತೆನೆಗಳಿಂದ ಒಂದೊಂದು ಕಾಳನ್ನು ಉಗುರಿನಿಂದ ಒತ್ತಿ ನೋಡುತ್ತಿದ್ದರು. ಒಂದು ಕಡೆ ಬಿಳಿಯ ರಸ ಚಿಮ್ಮಿತು. "ಇದು ಇನ್ನೂ ಹಾಲ ಐತಿ. ಸುಟ್ರ ಸಿಪ್ಪಿ ಅಷ್ಟ ಉಳೀತೈತಿ" ಎಂದರು. ಇನ್ನೊಂದು ಕಡೆ ಉಗುರು ಇಳಿಯಲಿಲ್ಲ. "ಇದು ಕಾಳಾತು. ಇನ್ನ ರಾಶಿಗೇ ಇರಲಿ." ಮೂರನೆಯ ಕಡೆ ಉಗುರು ಇಳಿಯಿತು, ರಸ ಚಿಮ್ಮಲಿಲ್ಲ. "ಇದು ನೋಡ್ರಿ, ಇದು ಸೀತನಿ. ಎಂಟ-ಹತ್ತ ದಿನದ ಆಟ. ಆಮ್ಯಾಲ ಬಂದವರಿಗೆ ರೊಟ್ಟೀನ ಗತಿ."

ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ತಂದೆ ಕೇಳಿದರು: "ಅಲ್ರೀ, ಇಷ್ಟ ಛಲೋ ಐತಿ ಅಂದ್ರ ಪೂರಾ ಹೊಲಾನ ಸೀತನಿ ಮಾಡಿ ಮಾರಬಾರದೇನು?"

ಗೆಳೆಯರು ನಕ್ಕರು. "ಕೊಯ್ದ ತೆನಿ ಮತ್ತ ಜೋಳ ಆಗೂದಿಲ್ರೀ. ಒಂದ ಮೂಲ್ಯಾಗ ನಾಕ ಸಾಲ ಕೊಯ್ಯೂದು. ಉಳದದ್ದು ರಾಶಿಗೆ. ತಿಂದವರು ಬಾಯಿ ಚಪ್ಪರಿಸಿ ಹೋದ್ರ ಸುಗ್ಗ್ಯಾಗ ಅವರ ಬಂದು ಜೋಳ ಒಯ್ತಾರ."

ನಾನು ನಾಲ್ಕು ದಿನ ತಡಕಾಡಿದ್ದನ್ನು ಆ ರೈತರು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಸೀತನಿ ಸುಗ್ಗಿಯಲ್ಲ. ಬೆಳೆ ಮುಗಿಯುವ ಮೊದಲೇ ಕೊಯ್ಯುವುದು ನಿಜ. ಆದರೆ ಕಾಳು ಕಟ್ಟುವ ಮೊದಲಲ್ಲ. ಹೊಲವೆಲ್ಲ ಬಲಿಯಬೇಕಾಗಿಲ್ಲ, ಕೊಯ್ಯುವ ಆ ನಾಲ್ಕು ಸಾಲು ಹದಕ್ಕೆ ಬಂದಿರಬೇಕು. 'ಆಟ ಎಷ್ಟು ಮುಗಿದಿದೆ' ಎಂಬುದು ತಪ್ಪು ಪ್ರಶ್ನೆ. 'ಕೊಡುವ ಅರ್ಧ ಗಂಟೆಯಲ್ಲಿ ಕಾಳು ಕಟ್ಟಿದೆಯೇ' ಎಂಬುದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ತಿಥಿ-ವಾರ ನೋಡಿದರೆ ಸಿಗುವುದಿಲ್ಲ, ಜಾತ್ರೆಯ ದಿನ ನೋಡಿದರೂ ಸಿಗುವುದಿಲ್ಲ. ಉಗುರು ಒತ್ತಿಯೇ ನೋಡಬೇಕು. ಆ ಉಗುರು ಬೆಳೆದವನದಾಗಿದ್ದರೆ ನಡೆಯುವುದಿಲ್ಲ. ಅವನಿಗೆ ತನ್ನ ತೆನೆಯೆಲ್ಲ ಹಾಲಾಗಿಯೇ ಕಾಣುತ್ತದೆ, ಇಲ್ಲವೇ ಎಲ್ಲ ಬಲಿತಂತೆಯೇ ಕಾಣುತ್ತದೆ. ಬೇರೆಯವರ ಉಗುರು ಬೇಕು. ಮೊದಲು ಹತ್ತು ಮಂದಿ, ಆಮೇಲೆ ಹತ್ತು ಸಾವಿರ.

ತಡಮಾಡುವವನಿಗೂ ಅಲ್ಲೇ ಎಚ್ಚರಿಕೆಯಿದೆ. ಕಾಳು ಪೂರ್ತಿ ಬಲಿತ ಮೇಲೆ ಯಾರ ಮಾತು ಕೇಳಿ ಏನು ತಿದ್ದುವುದು? ಡೆಮೊದಿಂದ ಕಲಿತದ್ದನ್ನು ಆಟಕ್ಕೆ ತುಂಬಲು ಕೆಲವು ತಿಂಗಳಾದರೂ ಕೈಯಲ್ಲಿರಬೇಕು. ತಿಂದವರು ಸುಗ್ಗಿಯವರೆಗೆ ರುಚಿ ನೆನಪಿಡುವಷ್ಟು ಹತ್ತಿರವೂ ಇರಬೇಕು. ಈ ಎರಡರ ನಡುವಿನ ಸಂದೇ ಸೀತನಿಯ ಎಂಟು-ಹತ್ತು ದಿನ.

ಬರುವಾಗ ಬಸ್ಸಿನಲ್ಲಿ ಹುಡುಗ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ತಂದೆಯೇ ಮಾತು ತೆಗೆದರು.

"ಫೆಬ್ರುವರಿ ಬಿಟ್ರ ಮತ್ತ ಯಾವಾಗಪಾ ನಿಂದು ಆ ಜಾತ್ರಿ?"

"ಜೂನದಾಗ ಐತ್ರಿ ಅಪ್ಪಾ."

"ಮಳಿಗಾಲ. ನಿನ್ನ ಪೋಸ್ಟ್‌ಮನ್ನಗೂ ಅದ ಛಲೋ. ದೀಪಾವಳಿಗೆ ಇನ್ನೂ ಟೈಮ್ ಉಳೀತೈತಿ." ಸ್ವಲ್ಪ ತಡೆದು ಮತ್ತೆ ಹೇಳಿದರು: "ನಾಳೆ ಮುಂಜಾನೆ ನನಗೂ ಒಂದ ಸಲ ಆಡಾಕ ಕೊಡು. ಹಳ್ಳ ದಾಟೂದು ನನಗ ಗೊತ್ತೈತಿ. ಖಾನಾಪುರ ರೂಟಿನಾಗ ಬಸ್ ಹೊಡದೀನಿ."

ಹುಡುಗ ಆ ರಾತ್ರಿಯೇ ಫೆಬ್ರುವರಿಯ ಪಟ್ಟಿಯಿಂದ ಹೆಸರು ಹಿಂದಕ್ಕೆ ತೆಗೆದ. ಜಾತ್ರೆ ಶುರುವಾಗುವ ಮೊದಲೇ ತೆಗೆದರೆ ಅವಕಾಶ ಉಳಿಯುತ್ತದಂತೆ. ಈಗ ವಾರಕ್ಕಿಬ್ಬರಂತೆ ಓಣಿಯವರೆಲ್ಲ ಅವನ ಕೋಣೆಗೆ ಹೋಗಿ ಹಳ್ಳದಲ್ಲಿ ಮುಳುಗಿ ಬರುತ್ತಿದ್ದಾರೆ. ಅವನು ಹಿಂದೆ ಕುಳಿತು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುತ್ತಿದ್ದಾನೆ. ಮೊನ್ನೆ ಅವನ ತಾಯಿ ಮೊದಲ ಹಳ್ಳವನ್ನು ಯಾರೂ ಹೇಳಿಕೊಡದೆ ದಾಟಿದರಂತೆ. ಕಾಳು ಕಟ್ಟುತ್ತಿರುವಂತೆ ಕಾಣುತ್ತದೆ.

ಜೂನಿನಲ್ಲಿ ಜಗತ್ತು ಅವನ ಆಟವನ್ನು ಕೊಳ್ಳುವುದೋ ಬಿಡುವುದೋ ನಾನು ಹೇಳಲಾರೆ. ಹದ ನೋಡಿ ಕೊಯ್ದವನಿಗೂ ಸಂತೆಯಲ್ಲಿ ದರ ಬೀಳುವುದುಂಟು. ಆದರೆ ಅಟ್ಟದ ಮೇಲಿನ ನನ್ನ ಏಳು ಅಧ್ಯಾಯಗಳನ್ನು ನಿನ್ನೆ ಕೆಳಗಿಳಿಸಿ ಧೂಳು ಒರೆಸಿದ್ದೇನೆ. ಎಂಟನೆಯದು ಮುಗಿಯುವವರೆಗೆ ಯಾರಿಗೂ ಅವಲಕ್ಕಿ-ಚಹಾ ಇಲ್ಲ.